ಜೀವಶಾಸ್ತ್ರ ಯಾರಿಗೆ?
(ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಮಗಳು ಬಿ.ಎಸ್ಸಿ.ಯಲ್ಲಿ ಜೀವಶಾಸ್ತ್ರ ಓದುತ್ತೇನೆಂದರೆ ನಾವು ಕೇಳುವುದು ಒಂದೇ ಮಾತು: "ಡಾಕ್ಟರಾಗದ ಮೇಲೆ ಅದೇತಕ್ಕೆ?"

ಅದರಲ್ಲಿ ಏನಿದೆ, ನೋಡೋಣ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ ನಮ್ಮ ಕಾಲೇಜುಗಳ ಹಳೆಯ ಜೋಡಣೆ. ಸೂಕ್ಷ್ಮಜೀವಿಶಾಸ್ತ್ರ, ತಳಿಶಾಸ್ತ್ರ, ಜೈವಿಕ ತಂತ್ರಜ್ಞಾನಗಳನ್ನೂ ಈಗ ಕಲಿಸುತ್ತಾರೆ. 2021ರಲ್ಲಿ ಬಂದ ನಾಲ್ಕು ವರ್ಷದ ಪದ್ಧತಿಯನ್ನು ರಾಜ್ಯ ಸರ್ಕಾರ 2024ರಲ್ಲಿ ಕೈಬಿಟ್ಟು, ಪದವಿಯನ್ನು ಮತ್ತೆ ಮೂರು ವರ್ಷಕ್ಕೆ ತಂದಿತು.

ಇವು ನಮಗೆ ದೂರದ ವಿದ್ಯೆಗಳಲ್ಲ. 1972ರಲ್ಲಿ ಧಾರವಾಡದಲ್ಲಿ ಬಿ. ಎಚ್. ಕಟರಕಿಯವರು ಎರಡು ಜಾತಿಯ ಹತ್ತಿ ಕೂಡಿಸಿ 'ವರಲಕ್ಷ್ಮಿ' ತಳಿ ಕೊಟ್ಟದ್ದು ತಳಿಶಾಸ್ತ್ರದ ಬಲದಿಂದ. ಕಾರ್ಡಿಂಗ್ ಖಾತೆಯ ಧೂಳು ಕುಡಿದವನಿಗೆ ರಜೆ ಮುಗಿಸಿ ಬಂದ ದಿನವೇ ಎದೆ ಬಿಗಿಯುವುದೇಕೆ? ಉತ್ತರ ಹುಡುಕುವುದು ಶರೀರಕ್ರಿಯಾಶಾಸ್ತ್ರ. ಅಂಗಡಿಯ ಶೇಂಗಾಕ್ಕೆ ಹಿಡಿದ ಬೂಷ್ಟು ವಿಷವಾಗಬಲ್ಲದೆಂದು ಎಚ್ಚರಿಸುವುದು ಸೂಕ್ಷ್ಮಜೀವಿಶಾಸ್ತ್ರ.

ಆದರೆ ಸೂಕ್ಷ್ಮದರ್ಶಕ ಬೀರುವಿನಲ್ಲೇ ಉಳಿದರೆ ಪದವಿ ಬಂದೀತು, ವಿದ್ಯೆ ಬಾರದು. ಹಣವುಳ್ಳವರ ಮಕ್ಕಳಿಗೆ ಬೇರೆ ದಾರಿಯುಂಟು. ನಮ್ಮ ಮಕ್ಕಳಿಗೆ ಸರ್ಕಾರಿ ಕಾಲೇಜೇ ಗತಿ. ಅಲ್ಲಿ ಸಜ್ಜಾದ ಪ್ರಯೋಗಶಾಲೆ ಬೇಕು, ಕನ್ನಡದಲ್ಲಿ ಪಠ್ಯ ಬೇಕು. ಕೂಲಿಗಾಗಿ ಹೋರಾಡಿದಂತೆ ಇದಕ್ಕೂ ಹೋರಾಡೋಣ. ಅಲ್ಲಿಯವರೆಗೆ ನಾವಾದರೂ ಮಗಳ ಕೈಯಿಂದ ಪುಸ್ತಕ ಕಸಿಯದಿರೋಣ.