ಕುದುರೆಯ ಬೆನ್ನಿನ ಆಟಗಳು



ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ದಾರಿಯು ತೆರಕಣಾಂಬಿಯ ಮೇಲೆ ಹಾಯುವುದು. ಆ ಸೀಮೆಯಲ್ಲಿ ಎತ್ತು, ಎಮ್ಮೆ, ಕುರಿಗಳನ್ನು ಹೇರಳವಾಗಿ ಕಾಣಬಹುದು. ಕುದುರೆ ಮಾತ್ರ ಅಪರೂಪ. ಗುಂಡ್ಲುಪೇಟೆಯ ನಮ್ಮ ಮನೆಯ ಅಟ್ಟದ ಮೇಲೆ ಕಬ್ಬಿಣದ ಎರಡು ರಿಕಾಪುಗಳಿದ್ದುವು. ಅವು ಏನೆಂಬುದು ಹುಡುಗರಾದ ನಮಗೆ ತಿಳಿಯದು. ಬಾವಿಯಲ್ಲಿ ಮುಳುಗಿದ ಕೊಡವನ್ನು ಹುಡುಕಲು ಒಂದನ್ನು ಹಗ್ಗಕ್ಕೆ ಕಟ್ಟಿ ಇಳಿಸಿ, ಅದನ್ನೂ ಕಳೆದೆವು. “ಅದು ನಿಮ್ಮ ತಾತನ ತಾತ ಕಾಲಿಟ್ಟು ಸವಾರಿ ಮಾಡಿದ ಕಬ್ಬಿಣ ಕಣ್ರೋ” ಎಂದು ಅಜ್ಜಿ ಕಣ್ಣೊರೆಸಿಕೊಂಡರು. ಆ ಕಣ್ಣೀರಿನ ಅರ್ಥವು ನನಗೆ ಹೊಳೆದುದು ಬಹಳ ವರ್ಷಗಳ ತರುವಾಯ, ಬಹಳ ದೂರದ ನಾಡಿನಲ್ಲಿ.

2018ರಲ್ಲಿ ಕಿರ್ಗಿಜ್‌ಸ್ತಾನದ ಇಸ್ಸಿಕ್‌ಕುಲ್ ಸರೋವರದ ತೀರದಲ್ಲಿರುವ ಚೋಲ್ಪೊನ್‌ಆತಾ ಪಟ್ಟಣದಲ್ಲಿ ಅಲೆಮಾರಿ ಜನಾಂಗಗಳ ಕ್ರೀಡಾಮೇಳವನ್ನು ನೋಡುವ ಅವಕಾಶ ನನಗೆ ಒದಗಿತು. ಅಲ್ಲಿಯ ಮುಖ್ಯವಾದ ಆಟ ‘ಕೋಕ್ ಬೋರು’. ಎರಡು ಪಕ್ಷಗಳ ಸವಾರರು ತಲೆಯಿಲ್ಲದ ಆಡಿನ ಕಳೇಬರಕ್ಕಾಗಿ ಹೆಣಗಾಡಿ, ಅದನ್ನು ಬಾವಿಕಟ್ಟೆಯಂತಹ ದುಂಡನೆಯ ಕಟ್ಟೆಯೊಳಗೆ ಎಸೆಯಬೇಕು. ನಮ್ಮಂಥವರಿಗೆ ಮೊದಲು ಜುಗುಪ್ಸೆಯುಂಟಾಗುವುದು ಸಹಜವೇ. ಆದರೆ ಆ ಹೆಸರಿನ ಅರ್ಥ ‘ಬೂದುಬಣ್ಣದ ತೋಳ’. ಮಂದೆಯ ಮೇಲೆ ಬಿದ್ದ ತೋಳವನ್ನು ಕುರುಬರು ಬೆನ್ನಟ್ಟಿ ಕೊಂದು, ಅದರ ದೇಹವನ್ನು ಒಬ್ಬರಿಂದೊಬ್ಬರು ಕಸಿದುಕೊಳ್ಳುತ್ತಿದ್ದುದೇ ಈ ಆಟದ ಮೂಲವೆಂದು ಅವರ ಐತಿಹ್ಯ. ಇನ್ನೊಂದು ಆಟದಲ್ಲಿ ಸವಾರನು ನಾಗಾಲೋಟದಲ್ಲಿಯೇ ಬಾಗಿ ನೆಲದ ಮೇಲಿನ ನಾಣ್ಯವನ್ನು ಎತ್ತಿಕೊಳ್ಳುವನು. ಮತ್ತೊಂದರಲ್ಲಿ ಇಬ್ಬರು ಕುದುರೆಗಳ ಮೇಲಿದ್ದುಕೊಂಡೇ ಕುಸ್ತಿ ಹಿಡಿಯುವರು. ಯುವತಿಯೊಬ್ಬಳನ್ನು ಯುವಕನು ಬೆನ್ನಟ್ಟುವ ಪಂದ್ಯವೂ ಉಂಟು. ಅವನು ಸೋತರೆ ಹಿಂದಿರುಗುವಾಗ ಅವಳ ಚಾವಟಿಯ ಏಟು ಅವನಿಗೆ ಬಹುಮಾನ!

ಇವೆಲ್ಲವೂ ಬಾಳಿನ ಅವಶ್ಯಕತೆಯಿಂದ ಹುಟ್ಟಿದ ಆಟಗಳು. ಮಂದೆಯನ್ನು ಕಾಯುವವನಿಗೆ ಬೇಕಾದ ಮೈಹಿಡಿತ, ಧೈರ್ಯ, ಕುದುರೆಯ ಮೇಲಣ ನಂಬಿಕೆ, ಇವುಗಳನ್ನು ಆಟವೇ ಕಲಿಸುತ್ತಿದ್ದಿತು. ಸೋವಿಯತ್ ಆಡಳಿತವು 1930ರ ಸುಮಾರಿಗೆ ಆ ಜನರನ್ನು ಬಲವಂತವಾಗಿ ಒಂದೆಡೆ ನೆಲೆಗೊಳಿಸಿತು. ಆದರೂ ಆಟ ಉಳಿಯಿತು; 2017ರಲ್ಲಿ ಯುನೆಸ್ಕೋ ಸಂಸ್ಥೆಯು ಕೋಕ್ ಬೋರುವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮಲ್ಲಿ ಇಂತಹದು ಇರಲಿಲ್ಲವೆ? ಇದ್ದಿತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ, ಸವಾರರು ಎರಡು ಪಕ್ಷಗಳಾಗಿ ಚೆಂಡನ್ನು ಹೊಡೆದಾಡುವ ವಿನೋದವನ್ನು ವಿವರಿಸಿದ್ದಾನೆ. ಮೈಸೂರು ಸಂಸ್ಥಾನವು 1807ರ ಒಪ್ಪಂದದಂತೆ 4,000 ಸವಾರರನ್ನು ಇಟ್ಟುಕೊಳ್ಳಬೇಕಾಗಿದ್ದಿತು. ಸಿಲ್ಲೆದಾರನೆಂದರೆ ಸ್ವಂತ ಕುದುರೆಯೊಡನೆ ಚಾಕರಿಗೆ ಬಂದವನು. ಕುದುರೆ ಸತ್ತರೆ ಅವನ ಅನ್ನವೂ ಹೋದಂತೆಯೇ. ನನ್ನ ಹಿರಿಯನು ಅಂತಹವರಲ್ಲೊಬ್ಬನೆಂದು ಮನೆಯ ಮಾತು. ಮೈಸೂರು ಲ್ಯಾನ್ಸರ್ಸ್ ದಳವು 1918ನೆಯ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಹೈಫಾ ಪಟ್ಟಣವನ್ನು ಗೆದ್ದುದನ್ನು ತಾವೆಲ್ಲರೂ ಬಲ್ಲಿರಿ. ಸ್ವಾತಂತ್ರ್ಯಾನಂತರ, 1953ರಲ್ಲಿ, ಸಂಸ್ಥಾನಗಳ ಅಶ್ವದಳಗಳು ಭಾರತ ಸೈನ್ಯದ 61ನೆಯ ಅಶ್ವದಳದಲ್ಲಿ ಲೀನವಾದುವು.

ಈಗ ಉಳಿದಿರುವುದೇನು? ದಸರೆಯ ಪಂಜಿನ ಕವಾಯತಿನಲ್ಲಿ ಬನ್ನಿಮಂಟಪದ ಮೈದಾನದಲ್ಲಿ ಅಶ್ವಾರೋಹಿ ಪೊಲೀಸರು ಓಡುವ ಕುದುರೆಯ ಮೇಲಿಂದ ನೆಲದ ಗೂಟವನ್ನು ಈಟಿಯಿಂದ ಕೀಳುವರು. ಒಂದು ಸಂಜೆ ಆ ಆಟವನ್ನು ನೋಡುತ್ತಿರುವಾಗ ನನಗೆ ಇಸ್ಸಿಕ್‌ಕುಲ್ ತೀರದಲ್ಲಿ ನಾಣ್ಯವನ್ನೆತ್ತಿದ ಯುವಕನ ನೆನಪಾಯಿತು. ಇಬ್ಬರದೂ ಒಂದೇ ವಿದ್ಯೆ. ಭೇದವಿಷ್ಟೆ: ಅಲ್ಲಿ ನೋಡುತ್ತಿದ್ದ ಮುದುಕರು ತಾವೂ ಒಮ್ಮೆ ಹಾಗೆ ಬಾಗಿದವರು, ಇಲ್ಲಿ ನಾವು ಚಪ್ಪಾಳೆ ತಟ್ಟಿ ಮನೆಗೆ ಹೋಗುವವರು.

ಎಲ್ಲರೂ ಕುದುರೆಯನ್ನೇರಿರೆಂದು ನಾನು ಹೇಳುವುದಿಲ್ಲ. ತಮ್ಮ ಮನೆಯ ಅಟ್ಟದಲ್ಲಿ ಹೆಸರು ಮರೆತ ಕಬ್ಬಿಣದ ತುಂಡೊಂದಿದ್ದರೆ, ಹಿರಿಯರು ಇರುವಾಗಲೇ ಅದೇನೆಂದು ಕೇಳಿಕೊಳ್ಳಿರಿ. ನಮ್ಮ ಒಂದು ರಿಕಾಪು ಬಾವಿಯಲ್ಲಿದೆ. ಉಳಿದೊಂದನ್ನು ತೊಳೆದು, ಎಣ್ಣೆ ಸವರಿ, ಮಕ್ಕಳ ಕೈಗೆಟಕುವಂತೆ ನಡುಮನೆಯ ಗೋಡೆಗೆ ತೂಗಹಾಕಿದ್ದೇನೆ.