ಖಳನ ಪಕ್ಷ

ಪಾತ್ರ ವಹಿಸಿ ಆಡುವ ವಿಡಿಯೋ ಆಟಗಳಲ್ಲಿ ಖಳನ ಪಕ್ಷ ಹಿಡಿಯಲು ಎಡೆಗೊಡುವುದು ಸಲ್ಲದೆಂದು ಹಲವರ ಆಕ್ಷೇಪ. ರನ್ನನ ದುರ್ಯೋಧನನಿಗಾಗಿ ಮರುಗುವುದನ್ನು ತರಗತಿಯಲ್ಲಿ ಕಲಿಸುವ ನನಗೆ ಹಾಗೆನ್ನಲು ಬಾಯಿ ಬಾರದು. ಆದರೆ ಕಾವ್ಯದಲ್ಲಿ ನಾವು ಮರುಗುವವರಷ್ಟೆ. ಆಟದಲ್ಲಿ ಮಾಡುವವರೂ ನಾವೇ.

ಬೆಲ್ಜಿಯಂ ದೇಶದ ಲೇರಿಯನ್ ಸಂಸ್ಥೆ 2023ರಲ್ಲಿ ಹೊರತಂದ ‘ಬಾಲ್ಡರ್ಸ್ ಗೇಟ್ 3’ ಎಂಬ ಆಟವನ್ನು, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ತಂಗಿಯ ಮಗ ಆಡುವಾಗ ಪಕ್ಕದಲ್ಲಿ ಕುಳಿತು ನೋಡಿದೆ. ಅದರಲ್ಲೊಂದು ವನ; ಅಲ್ಲಿ ಮಕ್ಕಳುಮರಿಗಳೊಡನೆ ತಂಗಿದ ನಿರಾಶ್ರಿತರು. ಅದನ್ನು ನಾಶಮಾಡಲು ದಂಡು ಕಟ್ಟಿಕೊಂಡು ಕಾದಿರುವವಳು ಮಿಂಥಾರಾ. ಹುಡುಗ ಅವಳ ಕಡೆ ಸೇರಿ, ಒಳಗಿನಿಂದ ಬಾಗಿಲು ತೆರೆದುಕೊಟ್ಟ.

ಆಟ ಉಪದೇಶಕ್ಕೆ ನಿಲ್ಲಲಿಲ್ಲ. ಅದುವರೆಗೆ ಹೆಗಲಿಗೆ ಹೆಗಲಾಗಿದ್ದ ವಿಲ್, ಕಾರ್ಲಾಕ್ ಇಬ್ಬರೂ ಅವನನ್ನು ತೊರೆದು ನಡೆದರು, ಮತ್ತೆ ಬರುವವರಲ್ಲ. ವನದಲ್ಲಿ ಮಡಿದವರು ಮುಂದಿನ ಅಂಕಗಳಲ್ಲಿ ಎದುರಾಗುವುದಿಲ್ಲ. ಅವರಿಂದ ಹುಟ್ಟಬೇಕಿದ್ದ ಕಥೆಗಳೂ ಇಲ್ಲ. ಖಳನ ದಾರಿ ಬರಡೆಂದು ಆಡುವವರು ಗೊಣಗುವುದುಂಟು. ನನಗೇನೋ ಅದು ನ್ಯಾಯವೆಂದೇ ತೋರಿತು.

ಹುಡುಗ, ಹಿಂದೆ ಉಳಿಸಿಟ್ಟಿದ್ದ ಘಟ್ಟಕ್ಕೆ ಮರಳಹೊರಟ. “ಬೇಡ ಕಣೋ, ಬಾಗಿಲು ತೆರೆದವನು ನೀನೇ, ಹೀಗೆಯೇ ಮುಂದೆ ನಡೆ” ಎಂದೆ.

“ಕಾರ್ಲಾಕ್ ಇಲ್ಲದೆ ಹೇಗೆ ಮಾವ?” ಎಂದ.