ಹಾಲಿನ ಲೆಕ್ಕದ ಜತೆಗೆ ಮಕ್ಕಳ ಮನಸ್ಸೂ
(ರಜತ ಮಹೋತ್ಸವದಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷದಿಂದ ನಾವು ಹಾಲಿನ ಡಿಗ್ರಿ, ಫ್ಯಾಟು ತಪ್ಪದೆ ನೋಡಿಕೊಂಡು ಬಂದಿದ್ದೇವೆ. ಹಸು ಮೇವು ಬಿಟ್ಟರೆ ಕೂಡಲೇ ಡಾಕ್ಟರಿಗೆ ಹೇಳಿಕಳಿಸುತ್ತೇವೆ. ಮನೆಯ ಮಗ ಊಟ ಬಿಟ್ಟು ಮೂಲೆ ಹಿಡಿದರೆ? "ವಯಸ್ಸಿನ ಕೊಬ್ಬು, ಸರಿಹೋಗ್ತಾನೆ ಬಿಡಿ" ಅಂತೀವಿ.

ನಾವೂ ಹಾಗೆ ಅಂದವರೇ. ದಿನಾ ಡೈರಿಗೆ ಹಾಲು ತರುತ್ತಿದ್ದ ಹುಡುಗನೊಬ್ಬ ಪರೀಕ್ಷೆ ಫೇಲಾದ ಮೇಲೆ ಮಾತೇ ಬಿಟ್ಟ. ಮನೆಯವರೂ ನಾವೂ ಸೇರಿ ತಾಯತ ಕಟ್ಟಿಸಿದೆವು. ಮೂರು ತಿಂಗಳು ಸುಮ್ಮನೆ ಕಳೆಯಿತು. ಕೊನೆಗೆ ಜಿಲ್ಲಾಸ್ಪತ್ರೆಯ ಮನೋವೈದ್ಯರಲ್ಲಿಗೆ ಕರೆದೊಯ್ದೆವು. ಬೈಯದೆ ಕೇಳುವವರು, ಕೆಲವು ಕಾಲದ ಮಾತ್ರೆ, ಇಷ್ಟೇ ಬೇಕಾಗಿದ್ದದ್ದು. ಈಗ ಪುನಃ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುತ್ತಾನೆ.

ಹಳ್ಳಿಯವರಿಗೆ ಈ ಚಿಕಿತ್ಸೆ ಹತ್ತಿರದಲ್ಲೇ ಸಿಗಲೆಂದು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಹಾಕಿಕೊಟ್ಟ ದಾರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಇದೆ. 14416ಕ್ಕೆ ಫೋನು ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲೇ, ಖರ್ಚಿಲ್ಲದೆ ಮಾತಾಡಬಹುದು. ಹೆತ್ತವರೂ ಕೇಳಬಹುದು, ಮಕ್ಕಳೂ ಕೇಳಬಹುದು.

ಈ ನಂಬರನ್ನು ಸಂಘದ ಬೋರ್ಡಿನಲ್ಲಿ ಹಾಲಿನ ದರದ ಪಕ್ಕದಲ್ಲೇ ಬರೆಸಿದ್ದೇವೆ. ಬರೆದುಕೊಳ್ಳಲು ಯಾರಿಗೂ ನಾಚಿಕೆ ಬೇಡ. ನಾವು ಕಳೆದ ಮೂರು ತಿಂಗಳನ್ನು ನೀವು ಕಳೆಯಬೇಡಿ.